ನಾಲ್ಕನೆಯ ಎಡೆ

ಮಾಯೆಬಾಶಿ
ನವೆಂಬರ್ ೧೯

ಪ್ರಿಯ ಕೋಸಾಕು ಅವರಿಗೆ,

…ಸಮುದ್ರ ಕಾಣುವ ಕಡೆ ಕೂತು ಉಣ್ಣಬಾರದು ಎಂದು ನೀವು ಒಮ್ಮೆ ಹೇಳಿದ್ದಿರಿ. ಊಟ ರುಚಿಸುವುದಿಲ್ಲ ಎಂದೋ, ಸಮುದ್ರ ರುಚಿಸುವುದಿಲ್ಲ ಎಂದೋ, ಯಾವುದೆಂದು ಈಗ ನೆನಪಿಲ್ಲ. ಹೋದ ಶನಿವಾರ ಇಜುವಿನ ದೊಡ್ಡ ರೆಸಾರ್ಟೊಂದರಲ್ಲಿ, ಗೋಡೆಯಷ್ಟೇ ಅಗಲದ ಕಿಟಕಿಯ ಮುಂದೆ ಕೂತಾಗ ಆ ಅರ್ಧ ಮಾತು ಎದ್ದು ಬಂತು. ಉಳಿದರ್ಧ ನಿಮ್ಮ ಬಳಿ ಇದೆ.

ಪತ್ರ ತಡವಾಯಿತು, ಕ್ಷಮಿಸಿ. ನೀವು ಹೋಗಿ ಒಂಬತ್ತು ಚಳಿಗಾಲಗಳಾದ ಮೇಲೆ ಬರೆಯುತ್ತಿರುವ ಮೊದಲ ಪತ್ರಕ್ಕೆ ತಡ ಎನ್ನುವ ಮಾತು ಹೊಂದುತ್ತದೋ ಇಲ್ಲವೋ. ಎಲ್ಲಿಗೆ ಕಳಿಸಬೇಕೆಂದು ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ನೀವಿರುವ ಕಡೆ ಚಳಿ ಹೇಗಿದೆ? ಇಲ್ಲಿ ಅಕಾಗಿ ಬೆಟ್ಟದ ಗಾಳಿ ಶುರುವಾಗಿದೆ, ಚಳಿ ಕಾಯಿಸುವ ಒಲೆಯನ್ನು ಕಪಾಟಿನಿಂದ ಹೊರಗೆ ತೆಗೆದೆ. ಒಂಬತ್ತು ವರ್ಷದ ಹಿಂದೆ ಆ ಬೆಳಿಗ್ಗೆ ಸೀಮೆಎಣ್ಣೆ ತರುತ್ತೇನೆಂದು ಹೋದವರು ಡಬ್ಬ ತುಂಬಿಸಿಕೊಂಡು ಬಂದು, ಬಾಗಿಲ ಹೊರಗಿಟ್ಟು, ಒಳಗೆ ಬರದೆ ಹೋದಿರಿ. ಪೊಲೀಸರಿಗೆ ಇದನ್ನು ಎಷ್ಟು ಸಲ ಹೇಳಿದರೂ ಡಬ್ಬ ಯಾವ ಬಣ್ಣದ್ದು ಎಂದಷ್ಟೇ ಬರೆದುಕೊಂಡರು. ಖಾಲಿ ಡಬ್ಬ ಬಿಟ್ಟು ಹೋಗಿದ್ದರೆ ನನಗೆ ಸುಲಭವಾಗುತ್ತಿತ್ತು. ಆ ಎಣ್ಣೆ ಮಾರ್ಚ್ ತಿಂಗಳವರೆಗೆ ಬಂತು.

ಎಲ್ಲರೂ ಚೆನ್ನಾಗಿದ್ದೇವೆ. ನಾನು ಈಗಲೂ ಅದೇ ಕನ್ನಡಕದಂಗಡಿಯಲ್ಲಿದ್ದೇನೆ. ಗಾಜು ಬದಲಾಯಿಸುತ್ತಾ 'ಇದು ಸ್ಪಷ್ಟವಾ, ಅದು ಸ್ಪಷ್ಟವಾ' ಎಂದು ಕೇಳುತ್ತಾ ದಿನ ಹೋಗುತ್ತದೆ. ನಿಮ್ಮ ತಾಯಿಗೆ ಈ ತಿಂಗಳು ಎಂಬತ್ತೆಂಟು ತುಂಬಿತು. ಆ ಸಂಭ್ರಮಕ್ಕೆಂದು ನಿಮ್ಮ ತಂಗಿ ತಮಾಕಿ ನಮ್ಮಿಬ್ಬರನ್ನೂ ಇಜುವಿಗೆ ಕರೆದುಕೊಂಡು ಹೋದಳು. ಸಂಭ್ರಮ ಒಂದೇ ಕಾರಣವಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮನೆಯ ಒಂದು ವಿಷಯ ನಿಮಗೆ ತಿಳಿದಿರಲಾರದು. ನೀವು ಹೋದ ಮರುದಿನದಿಂದ ಅತ್ತೆ ನಿಮಗೂ ಬೆಳಗಿನ ಎಡೆ ಇಡಿಸುತ್ತಿದ್ದಾರೆ. ನೆರಳಿನ ಎಡೆ. ಊರು ಬಿಟ್ಟು ಹೋದವರು ಎಲ್ಲೂ ಹಸಿದಿರದೆ ವಾಪಸು ಬರಲಿ ಎಂದು ಇಡುವುದು. ಅವರು ಚಿಕ್ಕವರಿದ್ದಾಗ ಅವರ ತಾಯಿ ಯುದ್ಧಕ್ಕೆ ಹೋದ ಗಂಡನಿಗೆ ಹೀಗೇ ಇಡುತ್ತಿದ್ದರಂತೆ, ಆತ ಬಂದೂಬಿಟ್ಟನಂತೆ. ನಾನು ನಿಮ್ಮ ನೀಲಿ ಬಟ್ಟಲಿಗೆ ಅನ್ನ ಹಾಕಿ, ಮುಚ್ಚಳ ಮುಚ್ಚಿ, ನಿಮ್ಮ ಜಾಗದಲ್ಲಿಡುತ್ತೇನೆ. ನಮ್ಮ ಊಟ ಮುಗಿದ ಮೇಲೆ ಅತ್ತೆ ಮುಚ್ಚಳ ತೆಗೆದು ಒಳಬದಿ ನೋಡುತ್ತಾರೆ. ಹನಿ ಕೂತಿದ್ದರೆ ನೀವು ಬದುಕಿದ್ದೀರಿ, ಸುಖವಾಗಿದ್ದೀರಿ. 'ಇದ್ದಾನೆ' ಎಂದು ಹೇಳಿ ಏಳುತ್ತಾರೆ. ಒಂದೇ ಪದ. ಆರಿದ ಆ ಅನ್ನವನ್ನು ನಾನು ಡಬ್ಬಿಗೆ ಹಾಕಿಕೊಂಡು ಅಂಗಡಿಗೆ ಒಯ್ಯುತ್ತೇನೆ. ಒಂಬತ್ತು ವರ್ಷಗಳಿಂದ ನನ್ನ ಮಧ್ಯಾಹ್ನದ ಊಟ ನಿಮ್ಮದು.

ಏಳು ವರ್ಷ ಸುದ್ದಿಯಿಲ್ಲದವರನ್ನು ತೀರಿಕೊಂಡವರೆಂದು ಘೋಷಿಸಿ ಎಂದು ಹೆಂಡತಿ ಕೋರ್ಟನ್ನು ಕೇಳಬಹುದು. ತಮಾಕಿ ಎರಡು ವರ್ಷದಿಂದ ಇದನ್ನು ಹೇಳುತ್ತಲೇ ಇದ್ದಾಳೆ. ಇಜುವಿಗೆ ಹೋಗುವ ರೈಲಿನಲ್ಲಿ ಅತ್ತೆ ಕಣ್ಣು ಮುಚ್ಚಿದ್ದಾಗ ಮತ್ತೆ ಎತ್ತಿದಳು.

"ಅತ್ತಿಗೆ, ನೀವು ಹೆಂಡ್ತಿನೂ ಅಲ್ಲ, ವಿಧವೆನೂ ಅಲ್ಲ. ಯಾರಾದ್ರೂ ಕೇಳಿದ್ರೆ ಏನಂತೀರ?"

"ಯಾರೂ ಕೇಳಲ್ಲ."

"ಅದೇ ನಾನು ಹೇಳ್ತಿರೋದು! ಯಾರೂ ಕೇಳಲ್ಲ. ನಿಮ್ಮನ್ನ ನೋಡಿದ ಕೂಡಲೇ ಜನ ಹವಾಮಾನದ ವಿಷಯ ಮಾತಾಡ್ತಾರೆ. ಅಣ್ಣನ ಮೇಲೆ ನನಗೆಷ್ಟು ಸಿಟ್ಟಿದೆ ಗೊತ್ತಾ? ಬದುಕಿದ್ದರೆ ನಾನೇ ಸಾಯಿಸ್ತೀನಿ."

"ಹಾಗಾದರೆ ಕೋರ್ಟು ಯಾಕೆ?" ಎಂದೆ. ಇಬ್ಬರಿಗೂ ನಗು ಬಂತು, ಅತ್ತೆ ಎಚ್ಚರವಾಗಬಾರದೆಂದು ಬಾಯಿ ಮುಚ್ಚಿಕೊಂಡೆವು. ಆಮೇಲೆ ತಮಾಕಿ ನನ್ನ ಮೊಣಕೈ ಹಿಡಿದು ಹೇಳಿದಳು: "ಊಟದ ಕೊನೆಗೆ ಹಣ್ಣು ತರ್ತಾರಲ್ಲ, ಆಗ ಅಮ್ಮನಿಗೆ ಹೇಳಿಬಿಡಿ. ಅವಳು ಒಪ್ಪದೆ ನೀವು ಸಹಿ ಹಾಕಲ್ಲ, ನನಗೆ ಗೊತ್ತು. ಆದರೆ ನೀವೇ ಹೇಳಬೇಕು. ನಾನು ಹೇಳಿದ್ರೆ ಜಗಳ ಆಗುತ್ತೆ."

ಹಣ್ಣು ಬರುವವರೆಗೆ ಎಷ್ಟೋ ತಟ್ಟೆಗಳು ಬರಬೇಕಿತ್ತು, ಅದೊಂದು ಸಮಾಧಾನ.

ಊಟಕ್ಕೆ ನಮಗೆಂದೇ ಒಂದು ಕೋಣೆ. ಚಾಪೆಯ ನೆಲ, ತಗ್ಗಿನ ಕುರ್ಚಿಗಳು, ಕಿಟಕಿಯಾಚೆ ಸಂಜೆಯ ಕಡಲು. ಎಂಬತ್ತೆಂಟರ ಗೌರವಕ್ಕೆಂದು ರೆಸಾರ್ಟಿನವರು ಅತ್ತೆಗೆ ಹೊನ್ನಿನ ಬಣ್ಣದ ತೋಳಿಲ್ಲದ ಅಂಗಿ ತೊಡಿಸಿದರು. "ಅಂಗಡಿ ಮುಂದಿನ ಬೊಂಬೆ ಥರ ಕಾಣ್ತೀನಾ?" ಎಂದು ಕೇಳಿದರು. ತಮಾಕಿ "ಹೂಂ" ಎಂದಳು. ಅತ್ತೆಗೆ ಖುಷಿಯಾಯಿತು.

ಜಾಗ ಕಾದಿರಿಸುವಾಗ ಅತ್ತೆಯ ಮಾತಿನಂತೆ ತಮಾಕಿ ಫೋನಿನಲ್ಲಿ ಹೇಳಿದ್ದಳು: ಮೂರು ಊಟ, ಜೊತೆಗೆ ಇಲ್ಲದವರೊಬ್ಬರಿಗೆ ನೆರಳಿನ ಎಡೆ. ದಾರಿಯಲ್ಲಿರುವವರಿಗೆ ಇಡುವ ಎಡೆಗೂ ತೀರಿಕೊಂಡವರಿಗೆ ಇಡುವ ಎಡೆಗೂ ಹೆಸರು ಅದೇ. ಇಷ್ಟು ದುಬಾರಿ ಊಟದ ಮನೆಗಳಲ್ಲಿ ಅದನ್ನು ಕೇಳುವವರು ಬಹುತೇಕ ಪುಣ್ಯತಿಥಿಗೆ ಬಂದವರು. ರೆಸಾರ್ಟಿನವರು ನಮ್ಮನ್ನೂ ಹಾಗೇ ಅಂದುಕೊಂಡಿದ್ದರಲ್ಲಿ ತಪ್ಪಿಲ್ಲ.

ಬಡಿಸುವ ಹೆಂಗಸು, ನಾಗುಮೊ ಎಂದು, ನಾಲ್ಕನೆಯ ಜಾಗದಲ್ಲಿ ಮೊದಲು ಒಂದು ಪುಟ್ಟ ಹೂದಾನಿ ಇಟ್ಟಳು. ಬಿಳಿ ಸೇವಂತಿಗೆ. ಆಮೇಲೆ ಎಡೆಯ ತಟ್ಟೆಯನ್ನು ನಮ್ಮ ಕಡೆಗಲ್ಲದೆ ಗೋಡೆಯ ಕಡೆಗೆ ತಿರುಗಿಸಿದಳು. ದನಿ ತಗ್ಗಿಸಿ ನನ್ನನ್ನು ಕೇಳಿದಳು, "ಭಾವಚಿತ್ರ ತಂದಿದ್ದೀರಾ ಅಮ್ಮಾ? ಇಡೋಕೆ ಚಿಕ್ಕ ಪೀಠ ಇದೆ." ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ಸಾರಿನ ಮುಚ್ಚಳ ತೆಗೆದಳು, ಅನ್ನದ್ದೂ ತೆಗೆದಳು. ಸತ್ತವರು ತಾವಾಗಿ ಮುಚ್ಚಳ ತೆಗೆಯಲಾರರು ಎಂದು ತೆಗೆದಿಡುವುದು ಕ್ರಮ. ಎರಡನ್ನೂ ಕೈಬಟ್ಟೆಯಿಂದ ಒರೆಸಿ, ಒಂದರೊಳಗೊಂದು ಸೇರಿಸಿ ತನ್ನ ತಟ್ಟೆಯಲ್ಲಿಟ್ಟುಕೊಂಡು, ನನ್ನ ಕಡೆ ತಿರುಗಿ ಆಳವಾಗಿ ಬಾಗಿದಳು.

"ನನ್ನ ಹುಟ್ಟುಹಬ್ಬಕ್ಕೆ ಯಾರಮ್ಮಾ ಸತ್ತಿದ್ದು?" ಎಂದರು ಅತ್ತೆ.

ನಾಗುಮೊ ಬಾಗಿದಲ್ಲೇ ನಿಂತಳು.

"ಅಮ್ಮಾ, ಸುಮ್ನಿರಮ್ಮಾ…" ತಮಾಕಿ.

"ಯಾಕೆ ಸುಮ್ನಿರಲಿ? ಬಿಳಿ ಹೂವು ಇಟ್ಟಿದ್ದಾಳೆ. ಮುಚ್ಚಳ ಒರೆಸಿಬಿಟ್ಟಳು. ಅವನು ನನ್ನ ಮಗ. ಹೊರಗಡೆ ಹೋಗಿದ್ದಾನೆ ಅಷ್ಟೆ."

ವ್ಯವಸ್ಥಾಪಕ ಓಡಿಬಂದ. ಹಣೆ ಚಾಪೆಗೆ ತಾಗುವಂತೆ ಬಾಗಿ ಕ್ಷಮೆ ಕೇಳಿದ. ಅತ್ತೆ ಅವನನ್ನು ಸ್ವಲ್ಪ ಹೊತ್ತು ನೋಡಿ, "ಏಳಪ್ಪಾ, ಬೆನ್ನು ನೋಯುತ್ತೆ. ಬಿಸಿಯಾಗಿ ಇನ್ನೊಂದು ತನ್ನಿ, ಮುಚ್ಚಿಕೊಂಡು ತನ್ನಿ" ಎಂದರು. ನಾಗುಮೊ ಹೂದಾನಿ ಎತ್ತಿಕೊಂಡು ಹೋಗುವಾಗ "ಹೂವು ಚೆನ್ನಾಗಿದೆ. ನನ್ನ ಕೋಣೆಯಲ್ಲಿಡು" ಎಂದು ಸೇರಿಸಿದರು.

ಹೊಸ ಎಡೆ ಬಂತು. ಅರಗು ಬಳಿದ ಮರದ ಸಾರಿನ ಬಟ್ಟಲಿನ ಕರಿ ಮುಚ್ಚಳದ ಮೇಲೆ ನೀರು ಚಿಮುಕಿಸಿದ್ದರು, ಅಡುಗೆಮನೆಯಿಂದ ಬರುವಾಗ ಯಾರೂ ತೆರೆದಿಲ್ಲ ಎಂದು ತೋರಿಸಲು ಅವರು ಮಾಡುವ ಹಾಗೆ. ಕಿಟಕಿಯ ಕೊನೆಯ ಬೆಳಕು ಒಂದೊಂದು ಹನಿಯಲ್ಲೂ ಇತ್ತು. ಅತ್ತೆ ಬಗ್ಗಿ ನೋಡಿದರು.

"ಹನಿ ಹೊರಗಿದೆಯಲ್ಲೇ. ತೆಗಿ ಸುಮಿಯೆ."

"ನೀವೇ ತೆಗೀರಿ ಅತ್ತೆ. ಯಾವಾಗಲೂ ನೀವೇ ಅಲ್ವಾ."

"ಇವತ್ತು ನೀನು."

ಮುಚ್ಚಳ ಕಚ್ಚಿಕೊಂಡಿತ್ತು. ಇಂಥ ಬಟ್ಟಲು ನನಗೆ ಎಂದೂ ಬಗ್ಗಿದ್ದಿಲ್ಲ, ನಿಮಗೆ ಗೊತ್ತು. ಮದುವೆಯಾದ ಹೊಸತರಲ್ಲಿ ಎಲ್ಲೇ ಉಂಡರೂ ನೀವು ಮಾತಾಡದೆ ನನ್ನ ಬಟ್ಟಲನ್ನು ನಿಮ್ಮ ಕಡೆ ಎಳೆದುಕೊಂಡು, ಅಂಚನ್ನು ಎರಡು ಬದಿಯಿಂದ ಮೆಲ್ಲಗೆ ಅದುಮುತ್ತಿದ್ದಿರಿ. ಒಳಗಿನಿಂದ ಸಣ್ಣ ಉಸಿರು ಬಂದ ಹಾಗೆ ಮುಚ್ಚಳ ಬಿಡುತ್ತಿತ್ತು. ಕೆಂಪು ಮೀನು ಬಂದರೆ ಕಣ್ಣ ಹಿಂದಿನ ಮೆತ್ತನೆಯ ತುಂಡನ್ನೂ ಹೀಗೇ ಮಾತಿಲ್ಲದೆ ನನ್ನ ತಟ್ಟೆಗೆ ಸರಿಸುತ್ತಿದ್ದಿರಿ. ಮಾತಿಲ್ಲದೆ ಕೊಡುವವರು ಮಾತಿಲ್ಲದೆ ಹೋಗಲೂ ಬಲ್ಲರು ಎಂದು ನನಗೆ ಆಗ ಹೊಳೆಯಲಿಲ್ಲ. ಈಗ ನಿಮ್ಮ ಹಾಗೆ ಅದುಮಿದೆ. ಬಿಟ್ಟಿತು.

"ಏನಿದೆ?"

"ಒಳಗೂ ಹನಿ ಇದೆ ಅತ್ತೆ."

"ಇರದೆ ಏನು? ಬಿಸಿ ಸಾರು."

ತಮಾಕಿ ತಲೆಯೆತ್ತಿದಳು.

"ನನಗೇನು ಬುದ್ಧಿ ಇಲ್ಲ ಅಂದುಕೊಂಡ್ರಾ ಇಬ್ಬರೂ? ಬಿಸಿ ಅನ್ನ ಬೆವರುತ್ತೆ, ತಣ್ಣಗಿದ್ದರೆ ಬೆವರಲ್ಲ. ನಮ್ಮಮ್ಮನಿಗೂ ಗೊತ್ತಿತ್ತು." ಅತ್ತೆ ನನ್ನ ಕಡೆ ತಿರುಗಿದರು. "ಅವನು ಬದುಕಿದ್ದಾನಾ ಇಲ್ವಾ ಅಂತ ಮುಚ್ಚಳ ಹೇಳುತ್ತಾ? ನಾನು ನೋಡ್ತಿದ್ದಿದ್ದು ಬೇರೆ. ನೀನು ಅವನಿಗೆ ಇವತ್ತೂ ಬಿಸಿ ಅನ್ನವೇ ಹಾಕಿದೀಯಾ ಅಂತ. ತಂಗಳು ಹಾಕೋ ದಿನ ಬಂದರೆ ಬರಲಿ, ನಾನು ಏನೂ ಅನ್ನಬಾರದು ಅಂತ ಮನಸ್ಸಲ್ಲಿ ಇಟ್ಟುಕೊಂಡಿದ್ದೆ. ಬರಲೇ ಇಲ್ಲ ಆ ದಿನ. ಪೆದ್ದು ನೀನು."

ನಾನು ಮುಚ್ಚಳವನ್ನು ಕೈಯಲ್ಲೇ ಹಿಡಿದಿದ್ದೆ. ಒಳಗಿನ ಹನಿಗಳು ಒಂದಾಗಿ ಅಂಚಿಗೆ ಇಳಿದು ನನ್ನ ಮಣಿಕಟ್ಟಿನ ಮೇಲೆ ಬಿದ್ದವು. ಇನ್ನೂ ಬೆಚ್ಚಗಿದ್ದವು.

"ರೈಲಿನಲ್ಲಿ ನೀವು ಪಿಸುಗುಟ್ಟಿದ್ದೆಲ್ಲ ಕೇಳಿಸ್ತು," ಎಂದರು. "ಹಣ್ಣು ಬರೋವರೆಗೆ ಕಾಯೋದು ಬೇಡ. ಕೋರ್ಟಿಗೆ ಏನು ಬೇಕೋ ಬರೆದುಕೊಡು. ನಾನು ಸತ್ತ ಮೇಲೆ ನಿನ್ನನ್ನ ಬಾಗಿಲು ನೋಡ್ತಾ ಕೂರಿಸಿ ಹೋದೆ ಅಂತ ಆಗೋದು ಬೇಡ. ಈಗ ಅವನ ಪಾಲಿಂದು ತಿನ್ನು, ಆರಿಹೋಗುತ್ತೆ."

ತಮಾಕಿ ಕೈವಸ್ತ್ರದಲ್ಲಿ ಮುಖ ಮುಚ್ಚಿಕೊಂಡು, ಈ ಸಾಸಿವೆ ಬಲು ಖಾರ ಎಂದಳು. ಅವಳ ತಟ್ಟೆಯಲ್ಲಿ ಸಾಸಿವೆ ಇರಲಿಲ್ಲ. ಆಮೇಲೆ ಕೆಂಪು ಮೀನು ಬಂತು, ನಿಮ್ಮ ಪಾಲಿನ ಮೀನಿಗೂ ಕಣ್ಣಿತ್ತು. ನಾನು ನಿಮ್ಮ ಎಡೆಯನ್ನು ಪೂರ್ತಿ ಉಂಡೆ. ಕಡಲು ಅಷ್ಟು ಹೊತ್ತಿಗೆ ಕಪ್ಪಾಗಿ, ಕಿಟಕಿಯಲ್ಲಿ ನಮ್ಮದೇ ಬಿಂಬ ಕಾಣುತ್ತಿತ್ತು: ಮೂವರು ಹೆಂಗಸರು, ನಾಲ್ಕು ತಟ್ಟೆ. ಬಹುಶಃ ನೀವು ಹೇಳಿದ್ದು ಇದನ್ನೇ ಇರಬೇಕು, ಕಡಲಿನ ಕಡೆ ಕೂರಬಾರದು ಎಂದು. ಇರಲಾರದು.

ನಾಳೆ ಅರ್ಜಿ ಕೊಡುತ್ತೇನೆ. ಕೋರ್ಟು ಒಂದು ಪ್ರಕಟಣೆ ಹೊರಡಿಸುತ್ತದಂತೆ: ಬದುಕಿದ್ದರೆ ದಯವಿಟ್ಟು ತಿಳಿಸಿ ಎಂದು. ನಿಮ್ಮನ್ನು ಅಷ್ಟು ವಿನಯದಿಂದ ನಾನೂ ಕರೆದಿರಲಿಲ್ಲ. ಅದು ನಿಮ್ಮ ಕಣ್ಣಿಗೆ ಬೀಳಲಿ.

ಎಲ್ಲಿದ್ದರೂ ಮೈ ಬೆಚ್ಚಗಿರಲಿ. ಒಲೆ ಹೊತ್ತಿಸಿ ಮಲಗುವ ಅಭ್ಯಾಸ ಬಿಡಿ. ಯಾರಾದರೂ ನಿಮಗೆ ಅಡುಗೆ ಮಾಡುತ್ತಿದ್ದರೆ, ಅವರ ಕೈಗೂ ಒಳ್ಳೆಯದಾಗಲಿ.

ನಿಮ್ಮ,
ಸುಮಿಯೆ

ಮತ್ತೆ: ಒಂದು ವಿಷಯ ಬಿಟ್ಟಿದ್ದೆ. ನಾಗುಮೊ ನನ್ನೆದುರು ಬಾಗಿದಾಗ ನಾನೂ ತಿರುಗಿ ಬಾಗಿದೆ. ಅತ್ತೆ ಬಾಯಿ ತೆರೆಯುವ ಮೊದಲು, ಅವಳು ತಪ್ಪಾಗಿ ತಿಳಿದಿದ್ದಾಳೆಂದು ನನಗೆ ಗೊತ್ತಿದ್ದೂ. ಒಂಬತ್ತು ವರ್ಷಗಳಲ್ಲಿ ನನ್ನ ದುಃಖಕ್ಕೆ ಯಾರೂ ತಲೆ ಬಾಗಿಸಿರಲಿಲ್ಲ. ಗಂಡ ಸತ್ತವಳಿಗೆ ಸಿಗುವಷ್ಟು ಸಿಕ್ಕಿತು, ನಾನು ತೆಗೆದುಕೊಂಡೆ. ಎಷ್ಟು ಹಗುರವಾಯಿತೆಂದು ನಿಮಗೆ ಹೇಳಬೇಕೆನಿಸಿತು. ಬೇರೆ ಯಾರಿಗೂ ಹೇಳುವಂತಿಲ್ಲ. ಊರಿಗೆ ಬಂದ ಮೇಲೆ ಅತ್ತೆ ನಿಮ್ಮ ಬಟ್ಟಲ ಹತ್ತಿರ ಬರುವುದಿಲ್ಲ, 'ಇನ್ಮೇಲೆ ನಿಂದು' ಎಂದುಬಿಟ್ಟಿದ್ದಾರೆ. ಈ ಬೆಳಿಗ್ಗೆ ಬಿಸಿ ಅನ್ನ ಹಾಕಿ, ಮುಚ್ಚಳ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಹೇಳಿ, ನಾಳೆಯಿಂದ ಮುಚ್ಚಿಡಲೋ, ತೆರೆದಿಡಲೋ?