ದೀಪದಜ್ಜಿಯ ಏಳನೇ ಉತ್ತರ

ಮಂಗಳವಾರ, ಸಂಜೆ ಆರು ಗಂಟೆ

ಪ್ರೀತಿಯ ಅಮ್ಮಾ,

ಇವತ್ತು ಬೆಳಿಗ್ಗೆ ಆಫೀಸಿನೊಳಗೆ ಕಾಲಿಡುವಾಗ ನೋಡಿದೆ, ಗೋಡೆಯ ಮೇಲಿನ ಚಿತ್ರದಲ್ಲಿ ದೀಪದಜ್ಜಿಯ ಕಣ್ಣು ದೊಡ್ಡದಾಗಿದೆ. ನಿನ್ನೆಯವರೆಗೂ ಸಾಸಿವೆ ಕಾಳಿನಷ್ಟಿತ್ತು. ಈಗ ಕೆಳರೆಪ್ಪೆಯ ಅಂಚಿಗೆ ಒಂದು ಬಿಳಿ ಚುಕ್ಕೆಯನ್ನೂ ಇಟ್ಟಿದ್ದಾರೆ, ಇನ್ನೇನು ಅತ್ತುಬಿಡುತ್ತಾಳೆ ಅನ್ನುವ ಹಾಗೆ. ಚಿತ್ರ ಬರೆಯುವವನನ್ನು ಕೇಳಿದರೆ, "ಗುರುವಾರಕ್ಕೆ ಬೇಕಂತೆ ಕಣೇ. ನೋಡಿದೋರಿಗೆ ಕರುಳು ಚುರ್ ಅನ್ನಬೇಕಂತೆ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ನನ್ನ ಜಾಗದಲ್ಲಿ ಕೂತು ಅರ್ಧ ಗಂಟೆ ಒಂದಕ್ಷರವೂ ಬರೆಯಲಾಗಲಿಲ್ಲ.

ಕಾಗದ ನೋಡಿ ಗಾಬರಿಯಾಗಬೇಡ. ಭಾನುವಾರದ ಫೋನಿನಲ್ಲಿ ನಾವಿಬ್ಬರೂ ಆಡುವುದು ನಾಲ್ಕೇ ಮಾತು. ಊಟ ಆಯ್ತಾ, ಆಯ್ತು. ಕೆಲಸ ಹೇಗಿದೆ, ಇದೆ. ನನಗೆ ಬಾಯಲ್ಲಿ ಬಾರದ್ದು ಬರೆಯಲು ಕೂತರೆ ಬರುತ್ತದೆ. ನನ್ನನ್ನು ಮೌನಗೌರಿ ಅಂತ ಕರೆದವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೊದಲು ಒಂದು ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಆಫೀಸಿನಲ್ಲಿ ನನ್ನದು ಕಾಗದಪತ್ರದ ಕೆಲಸ ಅಂದಿದ್ದೆನಲ್ಲ, ಅದಲ್ಲ. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಹೊಸಬರೆಲ್ಲ ಹತ್ತು ಹತ್ತು ಜನರನ್ನು ನಮ್ಮ ಕಂಪನಿಯ ಫೋನಿನ ಆಟಕ್ಕೆ ಸೇರಿಸಬೇಕು ಎಂದಿದ್ದರು. ಪರಿಚಯದವರನ್ನು ಕೇಳಲು ನಾಚಿಕೆಯಾಗಿ, ರಜೆಗೆ ಬಂದಾಗ ನಿನ್ನ ಫೋನಿಗೆ ಹಾಕಿದೆ. ಒಂದು ವಾರ ಇಟ್ಟು ತೆಗೆದುಬಿಡು ಅಂದಿದ್ದೆ. ನೀನು ತೆಗೆಯಲಿಲ್ಲ. ಆಟದೊಳಗಿನ ನಿನ್ನ ಪುಟ್ಟ ಮನೆ, ಹೂವಿನ ಸಾಲು, ಜಗುಲಿಯ ದೀಪ, ನೀನಿಲ್ಲದಾಗ ಅದನ್ನು ಕಾಯುವ ಅಜ್ಜಿ. ಎಣ್ಣೆ ಮುಗಿದರೆ ಮನೆ ಕತ್ತಲು, ಬೆಳೆಸಿದ್ದೆಲ್ಲ ಮಾಯ. ಎಣ್ಣೆಗೆ ಆಟದ ಮಣಿ ಬೇಕು, ಮಣಿಗೆ ನಿಜವಾದ ದುಡ್ಡು. ದಿನಕ್ಕೆರಡು ಸಲ ನಿನ್ನ ಫೋನು ಟಿಂಗ್ ಎಂದು, "ಊಟ ಆಯ್ತಾ ಮಗಳೇ? ಚಿಲಕ ಹಾಕಿಲ್ಲ, ನೀನು ಬರ್ತೀಯ ಅಂತ ಕೂತಿದ್ದೀನಿ" ಎನ್ನುತ್ತದಲ್ಲ, ಆ ಅಜ್ಜಿ ನಾನೇ ಅಮ್ಮ. ಅಜ್ಜಿಯ ಒಂದೊಂದು ಮಾತನ್ನೂ ಬರೆಯುವುದು ನಾನು. ಚಿಲಕದ ಮಾತು ನಿನ್ನದು. ನಾನು ಕಾಲೇಜಿನಿಂದ ತಡವಾಗಿ ಬಂದಾಗಲೆಲ್ಲ ನೀನು ಹೇಳುತ್ತಿದ್ದದ್ದು. ಇಷ್ಟು ಜನರನ್ನು ಆಟಕ್ಕೆ ವಾಪಸು ಕರೆತಂದ ಸಾಲು ಇನ್ನೊಂದಿಲ್ಲ ಎಂದು ಮೀಟಿಂಗಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಖುಷಿಯೂ ಆಗಿತ್ತು, ಅದನ್ನು ಯಾಕೆ ಮುಚ್ಚಿಡಲಿ.

ಅಜ್ಜಿಯ ಮಾತಿನ ಕೆಳಗೆ ಒಂದು ಖಾಲಿ ಚೌಕ ಇರುತ್ತದೆ. ಅದರಲ್ಲಿ ಜನ ಬರೆಯುವುದೆಲ್ಲ ನಮ್ಮ ನಾಲ್ಕು ಜನರಿಗೆ ಬರುತ್ತದೆ. ಹನ್ನೊಂದು ಉತ್ತರಗಳು ಸಿದ್ಧವಾಗಿವೆ, ನಾವು ನಂಬರು ಒತ್ತಿದರೆ ಸಾಕು. ಬರೆದವರ ಹೆಸರು ನಮಗೆ ಕಾಣಿಸುವುದಿಲ್ಲ, ಆಟಕ್ಕೆಂದು ಅವರೇ ಇಟ್ಟುಕೊಂಡ ಅಡ್ಡಹೆಸರು ಮಾತ್ರ. ಮೂರು ವಾರದ ಹಿಂದೆ "ನಾಲ್ಕನೇ ಮಹಡಿ" ಅನ್ನುವವರು ಬರೆದಿದ್ದರು: "ಅಜ್ಜಿ, ನಮ್ಮ ಜೊತೆ ಕೆಲಸ ಮಾಡೋಳ ಫೋನಲ್ಲಿ ಅದೇ ಮಣಿ ಪೊಟ್ಟಣ ಕಮ್ಮಿಗೆ ತೋರಿಸ್ತಿದೆ. ನನಗೆ ಮೂರು ಪಟ್ಟು. ನಾನೇನು ತಪ್ಪು ಮಾಡಿದೆ?"

ಏಳನೇ ಉತ್ತರ ಒತ್ತಿದೆ. "ಪ್ರಿಯ ಗೆಳತಿ, ನಿಮಗಾಗಿಯೇ ಆರಿಸಿದ ಬೆಲೆ ಇದು. ಖುಷಿಯಿಂದ ಆಡುತ್ತಿರಿ!"

ಆದರೆ ಆ ಪ್ರಶ್ನೆ ಬೆರಳಿಗೆ ಚುಚ್ಚಿದ ಮುಳ್ಳಿನಂತೆ ಉಳಿಯಿತು. ನಮ್ಮಲ್ಲಿ ಬೆಲೆ ಕಟ್ಟುವವನೊಬ್ಬನಿದ್ದಾನೆ, ಎಲ್ಲರೂ ತಕ್ಕಡಿ ಅಂತಲೇ ಕರೆಯುತ್ತಾರೆ. ಚಹಾ ಕುಡಿಯುವಾಗ ಕೇಳಿದೆ. ನಾನು ಬಾಯಿಬಿಟ್ಟದ್ದೇ ದೊಡ್ಡ ಸುದ್ದಿಯಾಗಿ ಅವನು ಹುರುಪಿನಿಂದ ವಿವರಿಸಿದ. ಎಣ್ಣೆಗೆ ನೂರಿಪ್ಪತ್ತು ಮಣಿ, ಮಣಿ ಮಾರುವುದು ನೂರರ ಪೊಟ್ಟಣದಲ್ಲಿ. ಎರಡು ಕೊಳ್ಳಲೇಬೇಕು. ಉಳಿದ ಎಂಬತ್ತನ್ನು ಬಿಟ್ಟುಹೋಗಲು ಯಾರಿಗೂ ಮನಸ್ಸು ಬರುವುದಿಲ್ಲ. "ಇನ್ನು ಕತ್ತಲಾಗುತ್ತೆ ಅಂದ ತಕ್ಷಣ ಹೆದರಿ ಕೊಂಡೋರು ಇದ್ದಾರಲ್ಲ, ಅವರು ಮತ್ತೆ ಹೆದರ್ತಾರೆ, ಮತ್ತೆ ಕೊಳ್ತಾರೆ. ಅಂಥೋರಿಗೆ ಯಾಕಮ್ಮ ಕಮ್ಮಿ ಮಾಡ್ಬೇಕು?" ಅವರದ್ದೇ ಒಂದು ಗುಂಪು ಮಾಡಿಟ್ಟಿದ್ದಾರೆ. ಗುಂಪಿಗೆ ಹೆಸರಿಲ್ಲ. ತಕ್ಕಡಿ ಮಾತ್ರ "ಪುಕ್ಕಲರು" ಅನ್ನುತ್ತಾನೆ.

ನಿನ್ನೆ ಅದೇ ನಾಲ್ಕನೇ ಮಹಡಿಯವರು ಮತ್ತೆ ಬರೆದರು. ನೀನು ಬರೆದ ಹಾಗೆಯೇ ಇಲ್ಲಿ ಇಳಿಸುತ್ತೇನೆ, ನಾನು ಎಷ್ಟು ಓದಿದೆ ಎಂದು ನಿನಗೆ ಗೊತ್ತಿರಲಿ.

"ಅಜ್ಜಿ, ಯಾರೋ ಒಬ್ಬರು ಕೂತು ಬರೀತಿರಬೇಕು ಅಂದ್ಕೊಂಡು ಹೇಳ್ತಿದ್ದೀನಿ. ಎದೇಲಿ ಒಂದು ಗಂಟಾಗಿದೆ. ಎರಡು ತಿಂಗಳಾಯ್ತು. ಗುರುವಾರ ಒಂಬತ್ತೂವರೆಗೆ ಸ್ಕ್ಯಾನಿಂಗ್ ಬರೆದುಕೊಟ್ಟಿದ್ದಾರೆ. ಆಸ್ಪತ್ರೇಲಿ ಎಲ್ಲಾ ಗುರುತಿನವರೇ, ನಾನು ಮಡಚಿ ಕಳಿಸಿದ ಹಚ್ಚಡದ ಮೇಲೇ ನಾನು ಹೋಗಿ ಮಲಗಬೇಕು. ಅದೂ ಅಲ್ದೆ ಗುರುವಾರ ಒಂಬತ್ತರಿಂದ ಹನ್ನೊಂದರವರೆಗೆ ದೀಪದ ಹತ್ರ ಇರ್ಲೇಬೇಕು, ಇಲ್ಲಾಂದ್ರೆ ಆರಿಹೋಗುತ್ತೆ ಅಂತ ನೀವು ಹೇಳಿದ್ದೀರಿ. ಮುಂದಿನ ತಿಂಗಳು ನೋಡೋಣ. ನಿಮ್ಮ ಆಫೀಸಲ್ಲಿ ನನ್ನ ಮಗಳಿದ್ದಾಳೆ, ಕಾಗದಪತ್ರ ನೋಡ್ತಾಳೆ. ಮಾತು ಕಮ್ಮಿ, ಎಲ್ಲಾ ಒಳಗೇ ಇಟ್ಕೊಂಡು ಕೊರಗ್ತಾಳೆ. ಅವಳಿಗೆ ಹೇಳ್ಬೇಡಿ."

ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ನೀನು ಕೆಲಸ ಮಾಡುವ ಲಿನನ್ ರೂಮು, ಕಬ್ಬಿಣದ ಕಪಾಟು, ಕೆಟ್ಟು ನಿಂತ ಲಿಫ್ಟು, ಮೂಲೆಗೆ ಮೂಲೆ ಹಿಡಿದು ಹಚ್ಚಡ ಮಡಚುವ ನಿನ್ನ ಕೈ, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಆಮೇಲೆ ನಮ್ಮ ಮೇಲಿನವರ ಬಳಿ ಹೋದೆ. ಇಂತಿಷ್ಟು ಗಂಟೆಯೊಳಗೆ ಬಾ ಅನ್ನುವ ಗಡುವುಗಳನ್ನೆಲ್ಲ ಇಡುವುದು ಅವರೇ, ಹಾಗಾಗಿ ಅವರಿಗೆ ಗಡಿಯಾರಮ್ಮ ಎಂದು ಹೆಸರು. ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ರೂಮಿಗೆ ಬಂದು ಮಾತ್ರೆ ಕೊಟ್ಟು ಹೋದವರು. ಒಬ್ಬ ಆಟಗಾರ್ತಿಗೆ ಹುಷಾರಿಲ್ಲವಂತೆ, ಗುರುವಾರ ಬರಬೇಡ ಅಂತ ಅಜ್ಜಿಯಿಂದ ಹೇಳಿಸಬಹುದೇ ಎಂದು ತೊದಲಿದೆ. ಯಾರು ಅಂತ ಹೇಳಲಿಲ್ಲ.

"ಒಬ್ಬೊಬ್ಬರಿಗೆ ಒಂದೊಂದು ಹೇಳೋಕಾಗುತ್ತೇನೇ? ಹೋದ್ರೆ ಇಡೀ ಗುಂಪಿಗೆ ಹೋಗುತ್ತೆ. ಮತ್ತೆ ಆಟ ಬಿಟ್ಟು ಹೋಗು ಅನ್ನೋ ಮಾತು ಅಜ್ಜಿ ಬಾಯಲ್ಲಿ ಬರಲೇಬಾರದು. ಪಾಪ, ಎರಡನೇದು ಹಾಕಿಬಿಡು" ಎಂದರು.

ಎರಡನೆಯದು ಹೀಗಿದೆ: "ನಿನ್ನ ಮಾತು ಕೇಳಿ ಸಂತೋಷವಾಯಿತು. ದೀಪ ನೋಡಲು ಮರೆಯಬೇಡ."

ಅದನ್ನು ನಾನು ಒತ್ತಲಿಲ್ಲ ಅಮ್ಮ. ನಿನಗೆ ಇನ್ನೂ ಉತ್ತರ ಬರದಿರುವುದು ಅದಕ್ಕೇ.

ನಿನ್ನೆ ಆಫೀಸು ಬಿಟ್ಟ ಕೂಡಲೇ ಫೋನ್ ಮಾಡಿದೆ. ಸೋಮವಾರ ಯಾಕೆ ಮಾಡಿದೆ ಅಂತ ನಿನಗೆ ಅನುಮಾನ ಬಂತು. ಆರೋಗ್ಯ ಹೇಗಿದೆ ಎಂದು ನಾನು ಕೇಳಿದರೆ ನೀನು, "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ" ಅಂದೆ. ಗಂಟಿನ ಮಾತು ಎತ್ತಿದರೆ ಅದು ನನಗೆ ಹೇಗೆ ಗೊತ್ತಾಯಿತು ಎಂದು ಹೇಳಬೇಕು. ಹೇಳಿದರೆ ಏಳನೇ ಉತ್ತರವನ್ನೂ ಹೇಳಬೇಕು. ಊಟ ಆಯ್ತಾ ಎಂದಷ್ಟೇ ಕೇಳಿ ಫೋನ್ ಇಟ್ಟೆ.

ನೀನು ಏನೂ ತಪ್ಪು ಮಾಡಿಲ್ಲ. ಹೆದರಿದೆ, ಅಷ್ಟೆ. ಹೆದರಲಿ ಎಂದೇ ಬರೆದದ್ದು. ಬರೆದವಳು ನಾನು. ಬೈಯುವುದಿದ್ದರೆ ಸ್ಕ್ಯಾನಿಂಗ್ ಮುಗಿದ ಮೇಲೆ ಎದುರಿಗೆ ಕೂರಿಸಿಕೊಂಡು ಬೈ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ಗುರುವಾರಕ್ಕೆ ಮೊದಲು ತಲುಪುವುದಿಲ್ಲ. ನಾಳೆ ಸಂಜೆಯ ಬಸ್ಸಿಗೆ ಟಿಕೆಟ್ ತೆಗೆದಿದ್ದೇನೆ. ಗುರುವಾರ ಬೆಳಗಾಗುವಷ್ಟರಲ್ಲಿ ಬಾಗಿಲು ತಟ್ಟುತ್ತೇನೆ. ಆಸ್ಪತ್ರೆಯ ಮೆಟ್ಟಿಲ ಹತ್ತಿರ ಗುರುತಿನವರು ಯಾರಾದರೂ ಕೇಳಿದರೆ, ಮಗಳನ್ನು ಡಾಕ್ಟರಿಗೆ ತೋರಿಸಲು ಬಂದೆ ಅನ್ನು. ನಾನು ಹೇಗೂ ಮಾತಾಡುವವಳಲ್ಲ, ನಂಬುತ್ತಾರೆ. ಸರದಿಗೆ ಕಾಯುತ್ತ ಕೂತಾಗ ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಓದುವಾಗ ನನ್ನ ಮುಖ ನೋಡಬೇಡ.

ನಿನ್ನ
ಮೌನಗೌರಿ

ಮತ್ತೆ: ಪುಕ್ಕಲರ ಗುಂಪಿಗೆ ಹೋಗುವ ಗುರುವಾರದ ಮಾತನ್ನು ಗಡಿಯಾರಮ್ಮ ಓದಿ ಒಪ್ಪಿಯಾಗಿದೆ. ಒಪ್ಪಿದ ಮೇಲೂ ಕೊಂಬು ದೀರ್ಘ ತಿದ್ದಲೆಂದು ಕೊನೆಯ ಒಂದು ಗಂಟೆ ಅದು ನನ್ನ ಕೈಗೆ ಬರುತ್ತದೆ, ಆಮೇಲೆ ಯಾರೂ ನೋಡುವುದಿಲ್ಲ. ನಿನಗೊಬ್ಬಳಿಗೇ ಕಳಿಸುವ ದಾರಿಯಿಲ್ಲ, ಗುಂಪಿನಲ್ಲಿ ಅರವತ್ತು ಸಾವಿರ ಜನರಿದ್ದಾರೆ. ನಾಳೆ ನಾಲ್ಕು ಗಂಟೆಗೆ ನಾನು ತಿದ್ದಿ, ಬಸ್ಸು ಹತ್ತುವ ಮೊದಲು ಕಳಿಸಲಿರುವುದು ಇದು: "ಗುರುವಾರ ಬರಬೇಡ ಮಗಳೇ. ಮುಂದೂಡಿದ ಕೆಲಸ ಇದ್ದರೆ ಮುಗಿಸಿಕೊಂಡು ಬಾ. ದೀಪ ಆರಿದರೆ ಆರಲಿ, ಅದು ಬರೀ ಚಿತ್ರ."