ಅವ್ವನಿಗೆ ಎರಡು ಗುಂಡಿ

೧೧ ಮೇ ೧೯೯೮, ಸೋಮವಾರ. ಬೆಳಿಗ್ಗೆ ಏಳು. ಅರಸೀಕೆರೆ

ಕಾಯಿ ಸುಲಿಯುವವರು ಬಂದಿದ್ದರು. ಇವತ್ತು ಕೊಬ್ಬರಿ ಶೆಡ್ ತೆಗೆಯುವುದಿಲ್ಲ ಎಂದು ವಾಪಸ್ ಕಳಿಸಿದೆ. ನಿನ್ನೆಯ ಖರ್ಚು ಮೊದಲು ಬರೆಯುತ್ತೇನೆ, ಅಳುವುದು ಆಮೇಲೆ.

ಗುಂಡಿ ಎರಡು. ಹೆಣ ಒಂದು. ಚಟ್ಟದ ಬೊಂಬು ಒಂದು, ಮುರಿದದ್ದು. ತಮ್ಮ ಪುಟ್ಟರಾಜುವಿನ ಮುಂದಿನ ಹಲ್ಲು ಎರಡು. ಅಣ್ಣ ದ್ಯಾವಯ್ಯನ ತಲೆಗೆ ಹೊಲಿಗೆ ಹನ್ನೊಂದು. ಬೇಲೂರಿನ ಆಸ್ಪತ್ರೆಗೆ ಟೆಂಪೋ ಬಾಡಿಗೆ ನಾನ್ನೂರು. ಇಷ್ಟಕ್ಕೆಲ್ಲ ನಾನು ಆಡಿದ್ದು ಮೂರು ಮಾತು.

ಅವ್ವ ಗಿಡ್ಡಮ್ಮ, ಎಂಬತ್ತಾರು ವರ್ಷ, ಶನಿವಾರ ಸಂಜೆ ಊರಲ್ಲಿ ಹೋದಳು — ಹಳೇಬೀಡಿಗೆ ಎರಡು ಮೈಲಿ, ದ್ಯಾವಣ್ಣನ ಮನೆಯಲ್ಲಿ. ಭಾಗವಾದಾಗ ಅವಳ ಜೀವನಕ್ಕೆಂದು ಅರ್ಧ ಎಕರೆ, ಇಪ್ಪತ್ತೆರಡು ತೆಂಗು ಬಿಟ್ಟಿದ್ದರು. ಯಾವ ಮಗನ ಹೊಲದಲ್ಲಿ ಅವಳು ಮಣ್ಣಾಗುತ್ತಾಳೋ ಅದು ಅವನಿಗೆ ಎಂದು ಅವತ್ತೇ ಪಂಚಾಯ್ತಿಯಲ್ಲಿ ಮಾತಾಗಿತ್ತು. ಹಾಗಾಗಿ ಬೆಳಗಾಗುವುದರೊಳಗೆ ಇಬ್ಬರ ಹೊಲದ ನಡುವಿನ ಬದುವಿನ ಈಚೆ ಒಂದು ಗುಂಡಿ, ಆಚೆ ಒಂದು ಗುಂಡಿ. ಹೆಣ ಬದುವಿನ ಮೇಲೆ.

ಊರ ಹಿರಿಯ ಚನ್ನಬಸವಯ್ಯನವರು ಅಂದರು: “ಹೆಣ್ಮಗಳು ಹೇಳ್ಲಿ. ಅವಳಿಗೆ ಪಾಲಿಲ್ಲ, ಸುಳ್ಳು ಹೇಳೋ ಅಗತ್ಯ ಇಲ್ಲ.”

ಮೈ ತೊಳೆಸಿದವಳು ನಾನು. ಅವ್ವನ ಸೊಂಟದ ಮೇಲೆ ಮೂರು ಗೆರೆ, ಕಾಸಿದ ಕಬ್ಬಿಣದ್ದು, ಇನ್ನೂ ಹಸಿ. ಕಂಡದ್ದನ್ನು ಕಂಡ ಹಾಗೆ ಅಂದುಬಿಟ್ಟೆ.

“ದ್ಯಾವಣ್ಣನ ಗುಂಡಿಗೆ ಬೇಡ. ಬೆನ್ನು ತಿರುಗಿಸಿ ನೋಡಿ. ಬರೆ ಎಳೆದು ಸಾಯಿಸಿದಾನೆ.”

“ಹೆತ್ತವ್ವನಿಗೇ ಏನ್ಲಾ?” ಅಂದ ಪುಟ್ಟರಾಜು. ದ್ಯಾವಣ್ಣ ಚಟ್ಟದ ಬೊಂಬು ಕಿತ್ತು ತಮ್ಮನ ಬಾಯಿಗೇ ಬೀಸಿದ. ತಮ್ಮ ಗುದ್ದಲಿ ತೆಗೆದ. ತಿರುಗಿಸಿ ಹಿಡಿದಿದ್ದ, ತಾಗಿದ್ದು ಹಿಂಭಾಗ. ಇಲ್ಲದಿದ್ದರೆ ಇವತ್ತು ಎರಡು ಗುಂಡಿಯೂ ತುಂಬುತ್ತಿದ್ದವು. ಅಣ್ಣ ಗುಂಡಿಯೊಳಕ್ಕೆ ಬಿದ್ದ. ಮೇಲೆತ್ತುವಾಗ ಕಿವಿಯಿಂದ ರಕ್ತ.

ಅವ್ವನನ್ನು ಪುಟ್ಟರಾಜುವಿನ ಹೊಲದಲ್ಲಿ ಮುಚ್ಚಿದೆವು. ತೋಡಿದ ಗುಂಡಿ ಖಾಲಿ ಬಿಟ್ಟರೆ ಇನ್ನೊಂದು ಹೆಣ ಕೇಳುತ್ತದಂತೆ. ಆಚೆಯದಕ್ಕೆ ಬಾಳೆದಿಂಡಿಗೆ ಬಿಳಿ ಬಟ್ಟೆ ಸುತ್ತಿ ಇಟ್ಟು ಮಣ್ಣೆಳೆದರು. ಅದಕ್ಕೂ ಯಾರೋ ಮುದುಕಿ ಅತ್ತಳು.

೧೨ ಮೇ, ಮಂಗಳವಾರ

ಹಾಲುತುಪ್ಪ ಬಿಟ್ಟು ಬಂದೆ. ದ್ಯಾವಣ್ಣ ಬರಲಿಲ್ಲ, ಆಸ್ಪತ್ರೆಯಲ್ಲೇ.

ಮೈ ತೊಳೆಸಿದ್ದು ಕಣ್ಣಿಂದ ಹೋಗುತ್ತಿಲ್ಲ. ಅವ್ವನ ಜೀವನವೆಲ್ಲ ಚರ್ಮದ ಮೇಲೇ ಇತ್ತು. ಎಡಹುಬ್ಬಿನ ಸೀಳು — ಮದುವೆಯಾದ ವರ್ಷ ಅಪ್ಪ ಎಸೆದ ಹಿತ್ತಾಳೆ ಸೇರು. ಅದೇ ಸೇರಿನಲ್ಲಿ ಅಪ್ಪನ ಮಂಡಿಗೆ ತಿರುಗಿ ಕೊಟ್ಟಳಂತೆ, ಸಾಯುವವರೆಗೂ ಕುಂಟಿದ. ಬಲ ಅಂಗೈಯ ಉದ್ದ ಗೆರೆ — ಅಪ್ಪ ಸತ್ತ ಮೇಲೆ ಚಿಕ್ಕಪ್ಪ ಬೋರಯ್ಯ ಹೊಲ ಬಿಡಿಸಲು ಕುಡುಗೋಲು ತಂದಿದ್ದ. ಅವ್ವ ಅಲಗನ್ನೇ ಹಿಡಿದು ಕಿತ್ತುಕೊಂಡು ಅವನ ತೋಳಿಗೆ ಹಾಕಿದಳು. ಬೇಲೂರು ಕೋರ್ಟಿಗೆ ಎರಡು ವರ್ಷ ನಡೆದಳು, ಪುಟ್ಟರಾಜು ಸೊಂಟದ ಮೇಲೆ.

“ಹಿಡಿ ಯಾವ ಕಡೆ ಐತೆ ಅಂತ ನೋಡ್ತಾ ಕುಂತಿದ್ರೆ ಹೊಲ ಎಲ್ಲಿರ್ತಿತ್ತು ಕಣೇ?” ಅನ್ನುತ್ತಿದ್ದಳು.

ಹೆತ್ತದ್ದು ಎಂಟು, ಉಳಿದದ್ದು ಮೂರು. ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಬಿದ್ದವರು. ಕೂಸು ಅಳದಿದ್ದರೆ ಕೂಸಿಗೆ ಏಟು, ತಾಯಿ ತಿಣುಕದಿದ್ದರೆ ತಾಯಿಗೆ ಏಟು.

ನನ್ನ ಗಂಡ ನನ್ನ ಮೂಗು ಒಡೆದಾಗ ಅರಸೀಕೆರೆಗೆ ಬಂದಳು. ರೈಲ್ವೆ ಸ್ಟೇಷನ್ ಎದುರು, ಜನರ ಮಧ್ಯೆ, ಎಕ್ಕಡದಲ್ಲಿ ಬಾರಿಸಿದಳು. ಅವನು ಅವತ್ತು ಹತ್ತಿದ ರೈಲು ಯಾವುದೋ, ಇವತ್ತಿಗೂ ಇಳಿದಿಲ್ಲ. ಆಮೇಲೆ ನನ್ನ ಕಪಾಳಕ್ಕೂ ಒಂದು: “ಇಷ್ಟ್ ದಿನ ಯಾಕೆ ಸಹಿಸ್ಕೊಂಡೆ?” ಕಿವಿಯ ಓಲೆ ಬಿಚ್ಚಿ ಕೊಟ್ಟಳು. ನನ್ನ ಕೊಬ್ಬರಿ ವ್ಯಾಪಾರದ ಬಂಡವಾಳ ಅದು.

ಅಂಥವಳಿಗೆ ಬರೆ ಎಳೆದನಲ್ಲ…

೧೯ ಮೇ, ಮಂಗಳವಾರ. ಸಂಜೆ ಆರು

ಹನ್ನೊಂದರ ತಿಥಿ. ದ್ಯಾವಣ್ಣನ ಹೆಂಡತಿ ಹುಚ್ಚಮ್ಮ ಒಬ್ಬಳೇ ಬಂದಿದ್ದಳು. ಯಾರೂ ಮಾತಾಡಿಸಲಿಲ್ಲ. ಹಿತ್ತಲಲ್ಲಿ ಕೈ ತೊಳೆಯುವಾಗ ನನ್ನ ರಟ್ಟೆ ಹಿಡಿದಳು.

“ಸೊಂಟ ಹಿಡ್ಕಂಡಿತ್ತು ತಾಯಮ್ಮ. ಏಳಕ್ಕಾಗ್ತಿರ್ಲಿಲ್ಲ. ಅತ್ತೆನೇ ಹಟ ಮಾಡಿ ಬಸ್ತಿಹಳ್ಳಿಯಿಂದ ಬರೆ ಹಾಕೋ ಮುದುಕನ್ನ ಕರೆಸ್ಕಂಡ್ರು. ಇನ್ನೊಂದ್ ಹಾಕು, ಇನ್ನೊಂದ್ ಹಾಕು ಅಂತ ಅವರೇ ಬೈದು ಮೂರು ಹಾಕಿಸ್ಕಂಡ್ರು.”

“ನನಗೆ ಯಾಕೆ ಹೇಳಲಿಲ್ಲ ಅತ್ತಿಗೆ?”

“ತಾಯಮ್ಮಂಗೆ ಹೇಳಿದ್ರೆ ಆಸ್ಪತ್ರೆಗೆ ಎಳ್ಕಂಡ್ ಹೋಯ್ತಾಳೆ, ಬಾಯಿ ಬಿಟ್ರೆ ನಿಂಗೂ ಒಂದ್ ಹಾಕಿಸ್ತೀನಿ ಅಂದ್ರು.”

“ಗುಂಡಿ ಹತ್ತಿರವಾದರೂ…”

“ಹೇಳ್ದೆ. ನೀನು ಬಾಯಿ ತೆಗೆದ ಮ್ಯಾಲೆ ನನ್ನ ಬಾಯಿ ಯಾರಿಗೆ ಕೇಳಿಸ್ತದೆ?”

ಏಳು ವರ್ಷಕ್ಕೆ ಕಾಮಾಲೆ ಬಂದಾಗ ನನಗೂ ಅದೇ ಮದ್ದು ಮಾಡಿಸಿದ್ದಳು ಅವ್ವ. ನಾನು ಒದ್ದಾಡದಂತೆ ಕಾಲ ಮೇಲೆ ಕೂತಿದ್ದಳು. ಗುರುತು ಇನ್ನೂ ಮಣಿಕಟ್ಟಿನ ಮೇಲಿದೆ. ಅದೇ ಕೈಯಲ್ಲಿ ಅವಳ ಬೆನ್ನಿಗೆ ನೀರು ಹೊಯ್ದೆ. ಹೊಳೆಯಲಿಲ್ಲ. ಕಣ್ಣಿಗೆ ಕಂಡದ್ದು ಏಟು ಮಾತ್ರ.

೨೪ ಮೇ, ಭಾನುವಾರ

ಊರಿಗೆ ಹೋಗಿ ಅರಳಿಕಟ್ಟೆಯಲ್ಲಿ ಎಲ್ಲರೆದುರು ಹೇಳಿದೆ. ತಪ್ಪು ನನ್ನದು, ಅಣ್ಣ ಮುಟ್ಟಿಲ್ಲ.

ಪುಟ್ಟರಾಜು ಎದ್ದು ಬಂದು ನನ್ನ ಕುತ್ತಿಗೆ ಹಿಡಿದ. “ಎಷ್ಟ್ ಕೊಟ್ಟವ್ನೆ ಅಕ್ಕ ಅವನು? ನನ್ನ ಹಲ್ಲಿಗೂ ಅವನತ್ರ ರೇಟ್ ಐತಾ?” ಬಿಡಿಸಲು ಮೂವರು ಬೇಕಾಯಿತು. ನುಂಗಿದರೆ ಈಗಲೂ ನೋವು.

ಚನ್ನಬಸವಯ್ಯನವರು ತಲೆ ಎತ್ತಲಿಲ್ಲ. “ಹೂತಿದ್ದನ್ನ ಎತ್ತೋ ಹಂಗಿಲ್ಲ ಕಣಮ್ಮ. ಜಾಗ ಹೂತೋನಿಗೆ. ಮಾತಾಗೈತೆ.”

ಬರುವಾಗ ದ್ಯಾವಣ್ಣನ ಬಾಗಿಲಿಗೆ ಹೋದೆ. ಒಳಗಿಂದ ಕುಡುಗೋಲು ಹಾರಿ ಬಂತು. ಹೊಸ್ತಿಲಿಗೆ ನಾಟಿತು.

೬ ಜುಲೈ, ಸೋಮವಾರ. ಬೆಳಿಗ್ಗೆ

ಯಾರಿಗೆ ಏನು ಸಿಕ್ಕಿತು:

ಪುಟ್ಟರಾಜು — ಅರ್ಧ ಎಕರೆ. ಖಾತೆಯಾಯಿತು.

ದ್ಯಾವಣ್ಣ — ಹೆತ್ತವಳಿಗೆ ಬರೆ ಎಳೆದವನು ಎಂಬ ಹೆಸರು. ನನ್ನ ಮೊದಲ ಮಾತು ಹಳೇಬೀಡು ದಾಟಿ ಬೇಲೂರು ತಲುಪಿದೆ. ಎರಡನೆಯದು ಅರಳಿಕಟ್ಟೆಯಲ್ಲೇ ಕೂತಿದೆ.

ಹುಚ್ಚಮ್ಮ — ಅವ್ವನ ಮಂಚ, ಒಂದು ಕಂಬಳಿ.

ನಾನು — ಆ ಮರಗಳ ಮೊದಲ ಕೊಯ್ಲು, ಮುನ್ನೂರು ಕಾಯಿ. ಪುಟ್ಟರಾಜು ನನ್ನ ಶೆಡ್ಡಿಗೇ ಕಳಿಸಿದ್ದಾನೆ. ‘ಅಕ್ಕನಿಂದ ಬಂದದ್ದು, ಅಕ್ಕನಿಗೆ’ ಅಂತ ಹೇಳಿ ಕಳಿಸಿದ್ದಾನೆ. ಟೆಂಪೋ ಬಾಗಿಲಲ್ಲೇ ನಿಂತಿದೆ. ಇಳಿಸಲಾ ಎಂದು ಡ್ರೈವರ್ ಎರಡು ಸಲ ಕೇಳಿದ. ನಾನು ಇನ್ನೂ ಶೆಡ್ಡಿನ ಬೀಗ ತೆಗೆದಿಲ್ಲ.