ಬೇರು ಪುಡಿ ಮಾಡುವ ಕೋಣೆ

ಇಂಟರ್‌ನ್ಯಾಷನಲ್ ಸಿಟಿ, ದುಬೈ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಮೋನು,

ಸಲಾಂ. ನೀನೂ ಆಸ್ಯಮ್ಮನೂ ಹೇಗಿದ್ದೀರಿ? ಎರಡು ತಿಂಗಳಿಂದ ನಿನ್ನ ಫೋನ್ ಎತ್ತದ್ದಕ್ಕೆ ಬೈಯಬೇಡ. ವಾಟ್ಸಾಪ್ ಇರುವಾಗ ಇವನಿಗೇನು ಕಾಗದ ಬರೆಯುವ ಹುಚ್ಚು ಎಂದು ನಗುತ್ತೀ, ಗೊತ್ತು. ಫೋನಿನಲ್ಲಾದರೆ ನೀನು ಎಲ್ಲವನ್ನೂ ತಮಾಷೆಗೆ ತಿರುಗಿಸುತ್ತೀ, ನಾನೂ ನಕ್ಕು ಸುಮ್ಮನಾಗುತ್ತೇನೆ. ಅದಕ್ಕೇ ಇದನ್ನು ನಾಳೆ ಊರಿಗೆ ಹೊರಟಿರುವ ರೂಮಿನ ರಿತೇಶನ ಕೈಯಲ್ಲಿ ಕೊಡುತ್ತಿದ್ದೇನೆ.

ನನ್ನ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಕೆಟ್ಟಿದೆ ಮಾರಾಯ. ಪಾದ ಬಾತು ಚಪ್ಪಲಿ ಬಿಗಿಯಾದಾಗ ಹೊಸ ಚಪ್ಪಲಿ ತಂದ ಪೆದ್ದ ನಾನು. ಕ್ಲಿನಿಕ್ಕಿನ ಡಾಕ್ಟರಮ್ಮ ರಕ್ತದ ರಿಪೋರ್ಟ್ ನೋಡಿ ಮೊದಲು ಕೇಳಿದ್ದು ನನ್ನ ಕೆಲಸ. ಚೀನೀ ಗಿಡಮೂಲಿಕೆಯ ಅಂಗಡಿ, ಒಣ ಬೇರು ಪುಡಿ ಮಾಡುವ ಮೆಷಿನ್ ಎಂದೆ. ಅವರು ಪೆನ್ನು ಕೆಳಗಿಟ್ಟರು. ಎಲ್ಲ ಮೂಲಿಕೆಯೂ ಕೆಟ್ಟದ್ದಲ್ಲ, ಆದರೆ ಕೆಲವು ಜಾತಿಯ ಬೇರು, ಬಳ್ಳಿಗಳಲ್ಲಿ ಕಿಡ್ನಿ ಹಾಳುಮಾಡುವ ವಿಷ ಇದೆಯಂತೆ. ವರ್ಷಗಟ್ಟಲೆ ಅದರ ನಡುವೆ ಕೆಲಸ ಮಾಡಿದವರಲ್ಲೂ ಈ ಕಾಯಿಲೆ ಹೆಚ್ಚು ಕಂಡಿದೆಯಂತೆ. ನನ್ನದು ಅದರಿಂದಲೇ ಎಂದು ಖಂಡಿತವಾಗಿ ಹೇಳಲಾರೆ ಎಂದರು.

"ಪ್ರತಿ ಸಲ ವೀಸಾ ಮೆಡಿಕಲ್‌ನಲ್ಲಿ ಫಿಟ್ ಬಂದಿದೆ ಡಾಕ್ಟ್ರೇ" ಎಂದು ಜಂಬದಿಂದ ಹೇಳಿದೆ.

"ಅದ್ರಲ್ಲಿ ಕಿಡ್ನಿ ಯಾರು ನೋಡ್ತಾರೆ?" ಎಂದರು.

ನಾವಿಬ್ಬರೂ ಆ ಫಿಟ್ ಮೆಸೇಜನ್ನು ಮನೆಗೆ ಕಳಿಸಿ ನಿಶ್ಚಿಂತೆಯಿಂದ ಮಲಗಿದವರಲ್ಲವೇ! ಪುಡಿ ಹಾರುತ್ತದೆಂದು ಆ ಕೋಣೆಯಲ್ಲಿ ಫ್ಯಾನ್ ಹಾಕುವ ಹಾಗಿರಲಿಲ್ಲ. ಹುಬ್ಬಿನ ತನಕ ಧೂಳು ಮೆತ್ತಿಕೊಂಡು ಹೊರಗೆ ಬಂದು ನೀನು ಹೇಳುತ್ತಿದ್ದೆ, "ನಮ್ಗೆ ಉಸಿರು ತಗೊಂಡ್ರೆ ಸಾಕು ಮಾರಾಯ, ಮದ್ದು ಫ್ರೀ!" ಬೆನ್ನುನೋವಿಗೆಂದು ಬೇರಿನ ಚೂರು ಸುಲೈಮಾನಿ ಚಹಾಕ್ಕೆ ಹಾಕಿ ಕುಡಿದದ್ದೂ ಇದೆ.

ನಾನು ಆ ಮೆಷಿನ್ನಿಗೆ ಬಂದದ್ದು ನೀನು ಊರಿಗೆ ಹೋದ ಮೇಲೆ. ನಾಲ್ಕೇ ವರ್ಷ. ನೀನು ಒಂಬತ್ತು ವರ್ಷ ಅಲ್ಲಿ ನಿಂತವನು. ಇದು ತಲೆಗೆ ಹೊಕ್ಕಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಈಗಲೂ ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಕಿಟಕಿಯಲ್ಲಿ ಬಸ್ಸು ನೋಡುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ಕೊನೆಯ ಸಲ ಮಾತಾಡಿದಾಗ ಆಸ್ಯಮ್ಮ, "ಇವ್ರಿಗೆ ಸ್ವಲ್ಪ ನಡೆದ್ರೆ ಸುಸ್ತು, ಬೆಳಿಗ್ಗೆ ಮೋರೆ ಎಲ್ಲ ಬಾತಿರ್ತದೆ" ಎಂದಿದ್ದಳು. ನೀನು ಹಿಂದಿನಿಂದ "ಎಂತ ಇಲ್ಲ, ಬಿರಿಯಾನಿ ಜಾಸ್ತಿ ಆದದ್ದು" ಎಂದು ಕೂಗಿದೆ. ಆಗ ನಾನೂ ನಕ್ಕೆ.

ಕಾಗದ ಸಿಕ್ಕಿದ ಮರುದಿನವೇ ಮಂಗಳೂರಿಗೆ ಹೋಗಿ ರಕ್ತ, ಮೂತ್ರ ಪರೀಕ್ಷೆ ಮಾಡಿಸು. ಒಂಬತ್ತು ವರ್ಷ ಏನು ಕೆಲಸ ಮಾಡಿದ್ದೆಂದು ಡಾಕ್ಟರಿಗೆ ಬಿಡಿಸಿ ಹೇಳು. ಬೇಗ ಹಿಡಿದರೆ ಕಾಯಿಲೆಯನ್ನು ನಿಧಾನ ಮಾಡಬಹುದಂತೆ. ನಿನಗೆ ಏನೂ ಇಲ್ಲ ಎಂದು ರಿಪೋರ್ಟ್ ಬರಲಿ, ಆಮೇಲೆ ನನ್ನನ್ನು ಎಷ್ಟು ಬೇಕಾದರೂ ಗೇಲಿ ಮಾಡು. ಮೇಲಿರುವವನು ನಿನ್ನನ್ನೂ ನಿನ್ನ ಮನೆಯನ್ನೂ ಕಾಯಲಿ.

ನಿನ್ನ
ಗುಣಪಾಲ

ತಾ.ಕ.: ನಿನ್ನ ಐದನೇ ವರ್ಷದಲ್ಲಿ, ಕೆಮ್ಮು ಜಾಸ್ತಿಯಾದಾಗ, ನಿನಗೆ ಇಂಗ್ಲಿಷ್ ಸಾಲದೆಂದು ಅಂಗಡಿ ನಡೆಸುವ ಮುದೀರ್ ಹತ್ತಿರ ಬೇರೆ ಕೆಲಸ ಕೇಳಲು ನನ್ನನ್ನು ಕಳಿಸಿದ್ದೆ. ಅವನು ಕೂಡಲೇ ಒಪ್ಪಿದ ಮೋನು. "ಆರು ತಿಂಗಳಿಗೊಮ್ಮೆ ಇಬ್ಬರೂ ಜಾಗ ಬದಲಿಸಿಕೊಳ್ಳಿ, ಮೋನು ಕೌಂಟರಿಗೆ, ನೀನು ಒಳಗೆ" ಎಂದು ನನಗೆ ಹೇಳಿದ. ಆಗ ಕೌಂಟರಿನಲ್ಲಿದ್ದ ನನಗೆ ಎಸಿ ಬಿಟ್ಟು ಆ ಧೂಳಿಗೆ ಹೋಗುವ ಮನಸ್ಸಿರಲಿಲ್ಲ. ಮೋನುಗೆ ಮೆಷಿನ್ನೇ ಇಷ್ಟ ಎಂದುಬಿಟ್ಟೆ. ಹೊರಗೆ ಬಂದು ನಿನಗೆ, "ಖಲಾಸ್, ಅವ ಒಪ್ಲಿಲ್ಲ" ಎಂದೆ. ನೀನು ನನ್ನ ಹೆಗಲು ತಟ್ಟಿ, "ನನಗೋಸ್ಕರ ಕೇಳಿದ್ಯಲ್ಲ, ಅಷ್ಟು ಸಾಕು" ಎಂದು ಒಳಗೆ ಹೋಗಿ ಮೆಷಿನ್ ಚಾಲೂ ಮಾಡಿದೆ.